ಒಬ್ಬರ ಗುಳಿಗೆ ಇಬ್ಬರಿಗೆ

ಜಿಲ್ಲೆಯ ಪಶು ಆಸ್ಪತ್ರೆಗಳ ಹೊಣೆ ಹೊತ್ತ ಮಾನ್ಯರೇ,

ನನ್ನ ದೂರಿಗೆ ತಾವು ದಯಪಾಲಿಸಿದ ಉತ್ತರ ತಲುಪಿತು. ‘ಮನುಷ್ಯರ ಆಂಟಿಬಯಾಟಿಕ್ ಔಷಧಿಗಳನ್ನು ಪಶುವೈದ್ಯರ ಸಲಹೆಯಿಲ್ಲದೆ ನಾಯಿಗಳಿಗೆ ನೀಡುವುದು ಅಪಾಯಕಾರಿ, ಸಾರ್ವಜನಿಕರು ಎಚ್ಚರ ವಹಿಸತಕ್ಕದ್ದು’ ಎಂದು ಬರೆದಿದ್ದೀರಿ. ಒಂದಕ್ಷರವೂ ಸುಳ್ಳಲ್ಲ. ಆ ಅಪಾಯ ಎಂಥದ್ದೆಂದು ನಮ್ಮ ಮನೆಗೆ ಈಗ ಯಾರೂ ಬಂದು ವಿವರಿಸಬೇಕಾಗಿಲ್ಲ. ಆದರೆ ನಾನು ಕೇಳಿದ್ದು ಬೇರೆ. ಸಲಹೆ ಕೊಡಬೇಕಾದ ಆ ಪಶುವೈದ್ಯರು ಎಲ್ಲಿದ್ದಾರೆ?

ನನ್ನ ಗಂಡ ಹಾಲಸ್ವಾಮಿ ಭದ್ರಾವತಿಯ ಕಾಗದದ ಕಾರ್ಖಾನೆಯ ನೌಕರರು. ಕಾಗದನಗರದ ಕ್ವಾರ್ಟರ್ಸಿನಲ್ಲಿ ನಮ್ಮ ವಾಸ. ಕೆಂಚ ಎಂಬ ನಾಯಿ ಮರಿಯಾಗಿದ್ದಾಗಲೇ ಬೀದಿಯಿಂದ ಅವರ ಹಿಂದೆ ಬಂದು ನಮ್ಮದಾಯಿತು. ಪಾಳಿ ಮುಗಿಯುವ ಸೈರನ್ ಕೂಗಿದರೆ ಗೇಟಿನ ತನಕ ಓಡಿ, ಅವರ ಸೈಕಲ್ಲಿನ ಜೊತೆಗೇ ಮನೆಗೆ ಬರುತ್ತಿತ್ತು. ಮಕ್ಕಳಿಲ್ಲದ ಮನೆ. ಅವರು ನನ್ನೊಡನೆ ಆಡಿದ್ದಕ್ಕಿಂತ ಅದರೊಡನೆ ಆಡಿದ ಮಾತೇ ಹೆಚ್ಚು.

ಹೋದ ಬೇಸಿಗೆಯಲ್ಲಿ ಮುಳ್ಳುತಂತಿ ಬೇಲಿ ನುಸುಳುವಾಗ ಕೆಂಚನ ತೊಡೆ ಹರಿದು ಕೀವಾಯಿತು. ಅನ್ನ ಮುಟ್ಟದಾಯಿತು. ಅದೇ ಹೊತ್ತಿಗೆ ಸಕ್ಕರೆ ಕಾಯಿಲೆಯ ನನ್ನ ಗಂಡನ ಹಿಮ್ಮಡಿಯಲ್ಲೂ ಹುಣ್ಣು. ಅವರಿಗೆ ಡಾಕ್ಟರು ಆಂಟಿಬಯಾಟಿಕ್ ಗುಳಿಗೆ ಬರೆದು, ಒಂದನ್ನೂ ತಪ್ಪಿಸಬಾರದೆಂದು ಎಚ್ಚರಿಸಿದ್ದರು. ಕುಂಟುತ್ತಲೇ ಅವರು ಕೆಂಚನನ್ನು ಆಟೋದಲ್ಲಿ ಹಾಕಿಕೊಂಡು ತಮ್ಮ ಇಲಾಖೆಯ ಇಲ್ಲಿನ ಪಶು ಆಸ್ಪತ್ರೆಗೆ ಹೋದರು. ಬಾಗಿಲು ತೆರೆದಿತ್ತು, ವೈದ್ಯರಿರಲಿಲ್ಲ. ಮಲವಗೊಪ್ಪದ ಕಡೆ ಕ್ಯಾಂಪಿನಲ್ಲಿದ್ದಾರೆ ಎಂದರು. ಅಲ್ಲಿಗೂ ಹೋದರು. ಶಿವಮೊಗ್ಗದಲ್ಲಿ ತಾವು ಕರೆದ ಮೀಟಿಂಗಿಗೆ ಹೊರಟುಹೋದರು ಎಂದರು. ಮೀಟಿಂಗಿನ ವಿಷಯ ಪ್ರಾಣಿಗಳ ಆರೋಗ್ಯವೇ ಇದ್ದಿರಬೇಕು! ಮರುದಿನವೂ ಇದೇ ಕತೆ. ಕೊನೆಗೆ ಆಸ್ಪತ್ರೆಯ ಅಟೆಂಡರ್ ಕನಿಕರಪಟ್ಟು ಹೇಳಿದನಂತೆ: “ಸುಮ್ನೆ ಯಾಕೆ ಅಲೀತೀರಾ ಸ್ವಾಮಿ? ಮನುಷ್ಯರು ತಗೊಳ್ಳೋ ಗುಳಿಗೇನೇ ಕೊಡಿ. ನಾಯಿಗೂ ಅದೇ ನಡೆಯುತ್ತೆ.” ಎಷ್ಟು ಕೊಡಬೇಕು, ಎಷ್ಟು ದಿನ? “ಅದೆಲ್ಲಾ ಡಾಕ್ಟ್ರನ್ನೇ ಕೇಳ್ಬೇಕು.” ಮೆಡಿಕಲ್ ಸ್ಟೋರಿನವರು ಚೀಟಿಯಿಲ್ಲದೆ ಕೊಡಲಿಲ್ಲ. ಅವರದೇನು ತಪ್ಪು? ನಿಯಮ ಪಾಲಿಸಿದರು.

ಮುಂದಿನದು ನನಗೆ ಗೊತ್ತಾದದ್ದು ಕೆಂಚನ ತಟ್ಟೆ ತೊಳೆಯುವಾಗ. ತಿನ್ನದೆ ಬಿಟ್ಟ ಮುದ್ದೆಯ ತುಣುಕಿನಲ್ಲಿ ನನ್ನ ಗಂಡನ ಗುಳಿಗೆ ಅಂಟಿಕೊಂಡಿತ್ತು.

“ರೀ, ಏನ್ರೀ ಇದು? ನಿಮ್ ಗುಳಿಗೆ ಅಲ್ವಾ?”

“ಬೆಳಿಗ್ಗೇದು ನಾನು ತಗೋತೀನಿ ಮಾರಾಯ್ತಿ. ಸಂಜೇದು ಅದಕ್ಕೆ.”

“ನಿಮ್ ಕಾಲಿನ ಗತಿ?”

“ನಂಗಾದ್ರೆ ಕೇಳೋಕೆ ಡಾಕ್ಟ್ರಿದಾರೆ. ಅದಕ್ಕೆ ಯಾರಿದಾರೆ ಹೇಳು?”

ಹುಣ್ಣಿಗೆ ಅವರೇ ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ನಾನು ಬಿಚ್ಚಿಸಿ ನೋಡಿದರೆ ಹಿಮ್ಮಡಿ ಕಪ್ಪಾಗಿತ್ತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲನ್ನೇ ಕತ್ತರಿಸಿದರು. “ಅರ್ಧಂಬರ್ಧ ಔಷಧಿಗೆ ಸೋಂಕು ಸಾಯಲ್ಲಮ್ಮ, ಬಲಿಯುತ್ತೆ” ಎಂದರು ಸರ್ಜನ್. ನಾನು ಗಂಡನ ಮಂಚದ ಪಕ್ಕದಲ್ಲಿದ್ದಾಗ ಇತ್ತ ಕೆಂಚ ಸತ್ತಿತು. ಪಕ್ಕದ ಮನೆಯ ಕರಿಯಣ್ಣ ಮಣ್ಣು ಮಾಡಿದರು. ಸುದ್ದಿ ಹೇಳಿದಾಗ ನನ್ನ ಗಂಡ ಗೋಡೆಯ ಕಡೆ ತಿರುಗಿ ಮಲಗಿದರು.

ತಮ್ಮ ಉತ್ತರದ ಪ್ರಕಾರ ತಪ್ಪು ಅವರದೇ. ಇರಲಿ, ಶಿಕ್ಷೆಯೂ ಆಗಿದೆ. ಆದರೆ ಕೀವು ಸುರಿಯುವ ಪ್ರಾಣಿ ಕಣ್ಣೆದುರು ನರಳುವಾಗ ಎಚ್ಚರ ವಹಿಸಿ ಸುಮ್ಮನೆ ಕೂರುವುದು ಹೇಗೆಂದು ತಮ್ಮ ಯಾವ ಸುತ್ತೋಲೆಯಲ್ಲಿದೆ? ಆ ಪಶುವೈದ್ಯರನ್ನೂ ನಾನು ದೂರುವುದಿಲ್ಲ. ಮೂರು ಆಸ್ಪತ್ರೆಗೆ ಅವರೊಬ್ಬರನ್ನೇ ಹಂಚಿದ್ದು ತಾವು. ಗುಳಿಗೆ ಹಂಚಿದ ನನ್ನ ಗಂಡನಿಗೆ ಬುದ್ಧಿ ಹೇಳುವ ತಾವು, ವೈದ್ಯರನ್ನು ಹಂಚುವಾಗ ಯಾರ ಸಲಹೆ ಪಡೆದಿರಿ?

ಮೊನ್ನೆ ಹಿಂದಿನ ಬೀದಿಯ ಪ್ರೇಮಮ್ಮ ಕಿವಿ ಕೊಳೆತ ತಮ್ಮ ನಾಯಿಯನ್ನು ಹಿಡಿದುಕೊಂಡು ಬಂದು, “ಅಣ್ಣಾ, ನೀವು ಕೊಟ್ಟಿದ್ದು ಯಾವ ಗುಳಿಗೆ?” ಎಂದು ಕೇಳಿದರು. ನನ್ನ ಗಂಡ ಹೆಸರು ಹೇಳಲಿಲ್ಲ. ಊರುಗೋಲಿಗೆ ಕೈ ಚಾಚಿದರು. ಆಟೋ ತರಿಸಿ, ಪ್ರೇಮಮ್ಮನನ್ನೂ ನಾಯಿಯನ್ನೂ ಹತ್ತಿಸಿ, ತಮ್ಮ ಇಲಾಖೆಯ ಅದೇ ಪಶು ಆಸ್ಪತ್ರೆಗೆ ಹೊರಟರು. ವೈದ್ಯರಿರಲಿಲ್ಲ.

ನನ್ನ ಗಂಡ ನಾಳೆಯೂ ಹೋಗುತ್ತಾರೆ. ಪರಿಹಾರ, ಸಾಂತ್ವನ ಯಾವುದೂ ನಮಗೆ ಬೇಡ. ನಾಳೆ ಅಲ್ಲಿ ವೈದ್ಯರಿರಬೇಕು.

ಇಂತಿ,
ಇನ್ನೂ ತಮ್ಮ ಜಿಲ್ಲೆಯಲ್ಲೇ ಬಾಳಬೇಕಾಗಿರುವ
ಸುಭದ್ರಮ್ಮ
ಕಾಗದನಗರ, ಭದ್ರಾವತಿ, 1998