ಅಲಾರಂ ಗಡಿಯಾರದೊಳಗಿನ ಹತ್ತಿ

ಮಂಗಳೂರು, ೧೯೮೯

ಮೋಹನಣ್ಣಾ,

ಇವತ್ತು ಅಮ್ಮನ ಜೊತೆ ಕೂಳೂರಿನ ಶೀನಪ್ಪಣ್ಣನ ವಾಚಿನ ಅಂಗಡಿಗೆ ಹೋಗಿದ್ದೆ. ನೀನು ತೀರಿಹೋಗಿ ಮೂರು ತಿಂಗಳಾದ ಮೇಲೆ ನಿನ್ನ ಅಲಾರಂ ಗಡಿಯಾರವನ್ನು ಅಮ್ಮ ರಿಪೇರಿಗೆ ಕೊಟ್ಟಿದ್ದರು.

ಹಡಗಿನ ಕೆಲಸದಲ್ಲಿದ್ದ ನಿನ್ನ ಸ್ನೇಹಿತ ತಂದುಕೊಟ್ಟ ಆ ಏಡ್ಸ್ ಔಷಧ, ಎಜೆಡ್‌ಟಿ, ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಒಂದು ಗಂಟೆಯಲ್ಲೇ ಅರ್ಧ ಇಳಿಯುತ್ತದೆ, ನಾಲ್ಕು ಗಂಟೆಗೊಮ್ಮೆ ಎಬ್ಬಿಸಿಯಾದರೂ ಕೊಡಿ ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ರಾತ್ರಿಯೂ ಈ ಗಡಿಯಾರದಲ್ಲಿ ಅಲಾರಂ ಇಟ್ಟು ನಾನು ಏಳುತ್ತಿದ್ದೆ. ಮಲಗಿದ ರೋಗಿಯನ್ನು ಎಬ್ಬಿಸಬಾರದು ಎಂಬುದು ಅಮ್ಮನ ಶಾಸ್ತ್ರ. ನೀನೂ ಒಂದು ದಿನ, "ಸಾಕು ಮಾರಾಯ್ತಿ, ಬೆಳಗಿನವರೆಗೆ ಮಲಗ್ತೇನೆ" ಅಂದೆ. ನನಗೂ ಸಾಕಾಗಿತ್ತು. ಗಡಿಯಾರ ಕೆಟ್ಟಿದೆ ಎಂದು ಮರುದಿನ ಅಮ್ಮನಿಗೆ ಹೇಳಿದೆ.

ಇವತ್ತು ಶೀನಪ್ಪಣ್ಣ ಅದನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿ, "ಇದಕ್ಕೆ ಎಂತದೂ ಆಗ್ಲಿಲ್ಲ ಉಮಕ್ಕ. ಗಂಟೆಯ ಎಡೆಯಲ್ಲಿ ಹತ್ತಿ ಉಂಟು, ಯಾರೋ ತುರುಕಿದ್ದಾರೆ" ಅಂದರು.

ಅಮ್ಮ ಹತ್ತಿಯನ್ನು ನೋಡಿದರು. ನನ್ನನ್ನು ನೋಡಲಿಲ್ಲ. "ಇಲಿಯ ಕೆಲಸ ಇರ್ಬೇಕು" ಅಂದರು.

ಮನೆಗೆ ತಂದ ಮೇಲೆ ಸಂಜೆ ನಾಲ್ಕಕ್ಕೆ, ನಿನ್ನ ಔಷಧದ ಹೊತ್ತಿಗೇ, ಅಲಾರಂ ಹೊಡೆಯಿತು. ನಾನು ಲೋಟದಲ್ಲಿ ನೀರು ತುಂಬಿಸಿಕೊಂಡು ನಿನ್ನ ಕೋಣೆಗೆ ಓಡಿದೆ. ಖಾಲಿ ಮಂಚದ ಬಳಿ ಅಮ್ಮ ಆಗಲೇ ನಿಂತಿದ್ದರು. ಅವರ ಕೈಯಲ್ಲೂ ನೀರಿನ ಲೋಟವಿತ್ತು.

ನಿನ್ನ ತಂಗಿ,
ಉಮಾವತಿ