ನಿಂಬೆಹಣ್ಣು ಹೊತ್ತು ಹಾರಿದ ನಮ್ಮ ರಾಕೆಟ್ಟು ವಾಪಸು ಕೊಡಿ

ನಮ್ಮ ಠಾಣೆಯ ಮಾನ್ಯ ಅಧಿಕಾರಿಗಳೇ,

ತಮ್ಮ ಠಾಣೆಯ ಹಿಂಬದಿ ಹಲಸಿನ ಮರದಡಿ ಒಂದು ಬುಟ್ಟಿ ಕವುಚಿಟ್ಟಿದೆ. ಅದರೊಳಗೆ ನಮ್ಮ ಮನೆಯ ರಾಕೆಟ್ಟಿದೆ. ವಾಪಸು ಕೊಡಿ ಎಂದು ಬಂದು ಕೇಳಿದೆ. ಕೊಡುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಬುಟ್ಟಿ ಎತ್ತಲು ಮಾತ್ರ ಯಾರೂ ಮುಂದೆ ಬರಲಿಲ್ಲ. ನಾನೇ ಎತ್ತಿಕೊಳ್ಳುತ್ತೇನೆಂದರೆ, ಅದು ಸಾಕ್ಷ್ಯ, ಮುಟ್ಟಬಾರದು ಎಂದರು. ಹಾಗಾಗಿ ಊರವರೆಲ್ಲ ಓದುವಂತೆ ಪತ್ರಿಕೆಗೇ ಬರೆಯುತ್ತಿದ್ದೇನೆ.

ಮೊದಲು ಆ ಭಯಾನಕ ವಸ್ತುವಿನ ವಿವರ. ತಂಪು ಪಾನೀಯದ ದೊಡ್ಡ ಬಾಟಲಿ, ರಟ್ಟಿನ ರೆಕ್ಕೆ, ಒಳಗೆ ಸ್ವಲ್ಪ ನೀರು. ಸೈಕಲ್ ಪಂಪಿನಿಂದ ಗಾಳಿ ತುಂಬಿ ಬಿಟ್ಟರೆ ನೀರು ಕೆಳಕ್ಕೆ ಚಿಮ್ಮುತ್ತದೆ, ಬಾಟಲಿ ಮೇಲಕ್ಕೆ ಹೋಗುತ್ತದೆ. ತೋಟದ ಸ್ಪ್ರೇ ಮೋಟರು ರಿಪೇರಿ ಮಾಡುವ ನನ್ನ ಗಂಡ ಯಶವಂತ ಅದಕ್ಕೆ ವಾಲ್ವು ಜೋಡಿಸಿದರು. ಏಳನೇ ಕ್ಲಾಸಿನ ಮಗಳು ಅಮೂಲ್ಯಾ ಲೆಕ್ಕಾಚಾರ ಮಾಡಿದಳು. ಟೈಲರಿಂಗ್ ಮಾಡುವ ನಾನು ಕೆಂಪು ರವಿಕೆ ಕಣದಲ್ಲಿ ಪ್ಯಾರಾಚೂಟ್ ಹೊಲಿದೆ. ಭಾನುವಾರ ಬಂತೆಂದರೆ ಕೊಯ್ಲಾದ ಗದ್ದೆಯಲ್ಲಿ ಇದನ್ನು ಹಾರಿಸುವುದು ನಮ್ಮ ಮನೆಮಂದಿಯ ಹುಚ್ಚು. ಹುಚ್ಚಿಗೆ ಯಾವುದಾದರೂ ಕಲಂ ಇದ್ದರೆ ತಿಳಿಸಬೇಕು.

ಎಡವಟ್ಟಾಗಿದ್ದು ನನ್ನ ಅತ್ತೆ ಯಮುನಮ್ಮನವರ ಭಕ್ತಿಯಿಂದ. "ಹೊಸ ವಾಹನ ಮಾರಾಯ್ತಿ, ಪೂಜೆ ಮಾಡ್ದೆ ಯಾರಾದ್ರೂ ಹೊರಡಿಸ್ತಾರೇನೇ?" ಎಂದು ಬಾಟಲಿಗೆ ಕುಂಕುಮ ಹಚ್ಚಿದರು. ನಿಂಬೆಹಣ್ಣನ್ನು ಚಕ್ರದಡಿ ಇಡುವುದು ಪದ್ಧತಿ. ಇದಕ್ಕೆ ಚಕ್ರವೇ ಇಲ್ಲ. "ಚಕ್ರ ಇಲ್ದಿದ್ರೆ ಎಂತಾಯ್ತು, ತಲೆ ಇದ್ಯಲ್ಲ" ಎಂದು ತುದಿಯ ಟೊಪ್ಪಿಯೊಳಗೆ ತುರುಕಿದರು. ಅಲ್ಲಿಯವರೆಗೆ ಲಾಗ ಹಾಕಿ ಬೀಳುತ್ತಿದ್ದ ರಾಕೆಟ್ಟು ಅಂದು ನೆಟ್ಟಗೆ ಹೋಯಿತು! "ದೇವ್ರು ದೊಡ್ಡೋನು" ಎಂದರು ಅತ್ತೆ. "ಅಲ್ಲಜ್ಜಿ, ತಲೆ ಭಾರ ಆಯ್ತು, ಅದ್ಕೆ" ಎಂದಳು ಮಗಳು. ಇಬ್ಬರೂ ಕೈಕೈ ಹಿಡಿದು ಗದ್ದೆಯಲ್ಲಿ ಕುಣಿದರು.

ಅಷ್ಟರಲ್ಲಿ ಗಾಳಿ ಅದನ್ನು ಗದ್ದೆಯಾಚೆ ಮನೆಯ ವಾಸಪ್ಪನವರ ಅಂಗಳಕ್ಕೆ ಒಯ್ದು, ತುಳಸಿಕಟ್ಟೆಯ ಬುಡದಲ್ಲಿ ಇಳಿಸಿತು. ಅವರ ಹೆಂಡತಿ ಗುಡ್ಡಮ್ಮ ಜ್ವರ ಬಂದು ಮಲಗಿದ್ದರು. ಅಂಥಾ ಹೊತ್ತಲ್ಲಿ ಆಕಾಶದಿಂದ ಕೆಂಪು ಬಟ್ಟೆ, ಕುಂಕುಮ, ನಿಂಬೆಹಣ್ಣು! "ಯಾರೋ ಮಾಟ ಮಾಡಿ ಕಳ್ಸಿದಾರೆ" ಎಂದು ವಾಸಪ್ಪನವರು ಬೊಬ್ಬೆ ಹೊಡೆದರು. ಅವರ ಜಾಗದಲ್ಲಿದ್ದರೆ ನಾನೂ ಹೊಡೆಯುತ್ತಿದ್ದೆ. ಆದರೆ ತಾವು ಓದಿದವರು. ಅವರ ದೂರಿಗೆ ಜೀಪಿನಲ್ಲಿ ಬಂದಿಳಿದು, ಲಾಠಿಯ ತುದಿಯಲ್ಲಿ ಬಾಟಲಿ ಹೊರಳಿಸಿ ಕೇಳಿದಿರಿ: "ಎಂತಮ್ಮ ಇದು? ಬಾಂಬಾ, ಮಾಟವಾ? ಯಾವ್ದಾದ್ರೂ ಒಂದು ಹೇಳಿ."

"ನೀರು ಸರ್" ಎಂದಳು ಅಮೂಲ್ಯಾ.

ನೀರಿಗೆ ಕಲಂ ಸಿಗಲಿಲ್ಲವೇನೋ, ತಾವು ಎರಡನ್ನೂ ಬರೆದುಕೊಂಡಿರಿ.

ಮಾನ್ಯರೇ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರೂ ತಾಲೂಕುಗಳಲ್ಲಿ ಬೆಳಗಾದರೆ ಮಂಗ ಓಡಿಸಲು ಗರ್ನಾಲು ಢಂ ಎನ್ನುತ್ತದೆ. ಕಟ್ಟಿದ ದನ ಹಗ್ಗ ಹರಿದುಕೊಂಡು ಓಡುತ್ತದೆ. ಅದು ಸ್ಫೋಟಕವಲ್ಲ, ನಮ್ಮ ಬಾಟಲಿಯ ನೀರು ಸ್ಫೋಟಕ! ಇನ್ನು ಮಾಟದ ವಿಚಾರ. ಸೈಕಲ್ ಪಂಪು ಒತ್ತಿ ಮಾಡುವ ಮಾಟ ಯಾವ ಸೀಮೆಯದು? ಮಾಟ ಮಾಡಿದವಳು "ವಾಸಪ್ಪಜ್ಜ, ನಮ್ದು ಇಲ್ಲಿ ಬಿತ್ತಾ?" ಎಂದು ಕೂಗುತ್ತಾ ಏದುಸಿರು ಬಿಟ್ಟು ಓಡಿ ಬರುತ್ತಾಳೆಯೇ? ಇನ್ನೊಂದು ಮಾತು. ನಮ್ಮ ರಾಕೆಟ್ಟನ್ನು ಹೊತ್ತೊಯ್ದ ಜೀಪಿನ ಬಂಪರಿನಲ್ಲಿ ಒಂದು ನಿಂಬೆಹಣ್ಣು, ಒಂದಷ್ಟು ಹಸಿಮೆಣಸು ನೇತಾಡುತ್ತಿದ್ದವು. ಆ ಬಗ್ಗೆ ನಾವು ಈವರೆಗೆ ದೂರು ಕೊಟ್ಟಿಲ್ಲ.

ಗುಡ್ಡಮ್ಮನವರು ಆಸ್ಪತ್ರೆಯ ಮಾತ್ರೆ ನುಂಗಿ ಎದ್ದು ಓಡಾಡುತ್ತಿದ್ದಾರೆ. ಕುಗ್ಗಿ ಕೂತವಳು ನನ್ನ ಮಗಳು. ಸ್ಕೂಲ್ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿ. ಮಾಟದ ಮನೆಯವಳ ಜೊತೆ ಕೂರಬೇಡಿ ಎಂದು ಮಕ್ಕಳಿಗೆ ಮನೆಯಲ್ಲಿ ಹೇಳಿದ್ದಾರಂತೆ. ಮೊನ್ನೆ ಊಟ ಮಾಡುತ್ತಾ ಕೇಳಿದಳು: "ಅಮ್ಮ, ನಾನು ಹಾರಿಸ್ದೆ ಇದ್ದಿದ್ರೆ ಗುಡ್ಡಮ್ಮಜ್ಜಿಗೆ ಜ್ವರ ಬರ್ತಿರ್ಲಿಲ್ವಾ?" ಜ್ವರ ಮೊದಲೇ ಬಂದಿತ್ತು ಎಂಬುದು ಅವಳಿಗೆ ಗೊತ್ತು. ತಲೆ ಭಾರವಾದರೆ ನೆಟ್ಟಗೆ ಹೋಗುತ್ತದೆ ಎಂದು ಅಜ್ಜಿಗೇ ಪಾಠ ಹೇಳಿದವಳು. ಆದರೂ ಕೇಳಿದಳು. ನಿನ್ನಿಂದಲ್ಲ ಎಂದು ನಾನಂದರೆ ಅವಳು ನಂಬುತ್ತಿಲ್ಲ, ಯಾಕೆಂದರೆ ನಾನು ಬರೀ ಅಮ್ಮ.

ಆದ್ದರಿಂದ ನನ್ನ ಆಗ್ರಹ ಇಷ್ಟೇ. ಬರುವ ಭಾನುವಾರ ತಾವೇ ಆ ಬುಟ್ಟಿ ಎತ್ತಬೇಕು, ಪೇದೆ ಕೈಯಲ್ಲಿ ಕಳಿಸಿದರೆ ಆಗದು. ಕೊಳೆತ ನಿಂಬೆಹಣ್ಣು ತೆಗೆದೆಸೆದು, ರಾಕೆಟ್ಟನ್ನು ವಾಸಪ್ಪನವರ ಅಂಗಳಕ್ಕೆ ತಂದು, ಊರವರೆದುರು ಅಮೂಲ್ಯಾಳ ಕೈಗೆ ಕೊಡಬೇಕು. ಲಾಠಿಯಿಂದ ದೂಡಬೇಡಿ, ಬರಿಗೈಯಲ್ಲಿ ಹಿಡಿದು ತನ್ನಿ. ಅದನ್ನು ಮುಟ್ಟಿದವರಿಗೆ ಏನೂ ಆಗುವುದಿಲ್ಲ ಎಂದು ನನ್ನ ಮಗಳು ಕಣ್ಣಾರೆ ನೋಡಬೇಕು.

ಇಂತಿ,
ಬಾಂಬೋ ಮಾಟವೋ ಇನ್ನೂ ತೀರ್ಮಾನವಾಗದ ಮನೆಯ
ದೀಪಶ್ರೀ
(ಪ್ಯಾರಾಚೂಟ್ ಹೊಲಿದವಳು)