ತಾತನ ಡಬ್ಬಕ್ಕೆ ಬಿಯರ್ ಬೇಡ

ಮೆಂಝಿ,

ಡರ್ಬನ್‌ಗೆ ಹೊರಟೆ, ಭಾನುವಾರ ಬರುತ್ತೇನೆ. ನಾನು ಸಾಕಿರುವ ಹೆಬ್ಬಾವು ಅಷ್ಟರೊಳಗೆ ಮೊಟ್ಟೆ ಇಡುತ್ತದೆ. ಅದರ ಡಬ್ಬದಲ್ಲಿ ಹಾಸಿರುವ ಪಾಚಿ ಒಣಗಿದರೆ ನೀರು ಚಿಮುಕಿಸು. ನೀರು ಮಾತ್ರ. ನಿನ್ನೆ ಅಜ್ಜಿ, "ನಿಮ್ ತಾತ ಹಾವಾಗಿ ಮನೆಗೆ ಬಂದವ್ರೆ, ಬಾಯಾರಿರ್ತಾರೆ" ಅಂತ ಒಂದು ಚೊಂಬು ಜೋಳದ ಬಿಯರ್ ಸುರಿದಿದ್ದಾಳೆ. ನೀನು ಪಕ್ಕದಲ್ಲೇ ಫೋನ್ ನೋಡುತ್ತಾ ಕೂತಿದ್ದೆಯಂತೆ. ಎಲ್ಲ ತೊಳೆದು ಹೊಸ ಪಾಚಿ ಹಾಕುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು.

ಮೊಟ್ಟೆ ಹೊರಳಿಸಬೇಡ, ಒಳಗಿನ ಮರಿ ಸಾಯುತ್ತದೆ. ಮೇಲೆ ಪೆನ್ಸಿಲ್ ಗುರುತು ಹಾಕಿ, ಇದ್ದ ಹಾಗೇ ಎತ್ತಿ ಕಾವುಪೆಟ್ಟಿಗೆಯಲ್ಲಿಡು. ಕರೆಂಟ್ ಹೋದರೆ ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಡು.

ಅಜ್ಜಿ ಹಾವನ್ನು ಮಾತಾಡಿಸಿದರೆ ತಡೆಯಬೇಡ. ತಾತ ಹೋದ ಮೇಲೆ ಅವಳು ನಕ್ಕಿದ್ದು ಆ ಡಬ್ಬದ ಮುಂದೆಯೇ. ಅದಕ್ಕೇ ಅದು ಹೆಣ್ಣು ಅಂತ ನಾನು ಬಾಯಿಬಿಟ್ಟಿಲ್ಲ.

ತಾತ ಮೊಟ್ಟೆ ಇಟ್ಟ ಸುದ್ದಿ ಅವಳಿಗೆ ನೀನೇ ಹೇಳು.

ಅಕ್ಕ